ಎದ್ದು ಕಾಣುವ ರಂಧ್ರಗಳಿಗೆ ನಿಂಬೆರಸ ಬೇಡ

ಮೂಗಿನ ಪಕ್ಕ, ಕೆನ್ನೆ ಮೇಲೆ ಚರ್ಮದ ರಂಧ್ರಗಳು ಎದ್ದು ಕಾಣುತ್ತಿವೆ, ನಿಂಬೆರಸ ಹಚ್ಚಿ ಐಸ್ ಉಜ್ಜಿದರೆ ಮುಚ್ಚುತ್ತವಾ ಅಂತ ಕೇಳಿದ್ದೀರಿ. ದಯವಿಟ್ಟು ನಿಂಬೆರಸ ಇವತ್ತೇ ನಿಲ್ಲಿಸಿ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು. ಐಸ್‌ನಿಂದ ಸ್ವಲ್ಪ ಹೊತ್ತು ಮುಖ ಬಿಗಿಯಾದಂತೆ ಅನಿಸುತ್ತದೆ, ಅಷ್ಟೇ. ರಂಧ್ರ ಪೂರ್ತಿ ಮುಚ್ಚುವುದಿಲ್ಲ. ಆದರೆ ಚಿಕ್ಕದಾಗಿ ಕಾಣುವಂತೆ ಖಂಡಿತ ಮಾಡಬಹುದು.

ಒಳಗೆ ಜಿಡ್ಡು, ಸತ್ತ ಚರ್ಮ ತುಂಬಿಕೊಂಡಾಗ ರಂಧ್ರ ಹಿಗ್ಗಿ ಕಾಣುತ್ತದೆ. ಅದಕ್ಕೆ ಸತ್ತ ಚರ್ಮವನ್ನು ಸಡಿಲಿಸುವ 2% ಸ್ಯಾಲಿಸಿಲಿಕ್ ಆಸಿಡ್ ಒಳ್ಳೆಯದು. ಎಣ್ಣೆಯಲ್ಲಿ ಕರಗುವ ಗುಣ ಇರುವುದರಿಂದ ರಂಧ್ರದೊಳಗೇ ಇಳಿಯುತ್ತದೆ. ವಾರಕ್ಕೆ 2-3 ರಾತ್ರಿ ಸಾಕು, ಜಾಸ್ತಿ ಹಚ್ಚಿದರೆ ಚರ್ಮ ಒಣಗಿ ಉರಿಯುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ಮೇಲು ಅಡಾಪಲೀನ್ (ವಿಟಮಿನ್ ಎ ಬಗೆಯ ಔಷಧ) 0.1% ಜೆಲ್. ಚರ್ಮದ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಬಟಾಣಿ ಕಾಳಿನಷ್ಟು ಜೆಲ್ ಇಡೀ ಮುಖಕ್ಕೆ ಸಾಕು. ಮೊದಲು ಸಿಪ್ಪೆ ಏಳಬಹುದು, ಹೆದರಬೇಡಿ. ಫಲ ಕಾಣಲು ಸುಮಾರು 12 ವಾರ ಕಾಯಬೇಕು. ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಪ್ರಯತ್ನಿಸುತ್ತಿದ್ದರೆ ಬೇಡವೇ ಬೇಡ.

ಬೆಳಗ್ಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ತಪ್ಪಿಸಬೇಡಿ. ಬಿಸಿಲಿಗೆ ಚರ್ಮ ಸಡಿಲವಾದಷ್ಟೂ ರಂಧ್ರ ಅಗಲವಾಗಿ ಕಾಣುತ್ತದೆ. ಮೂಗಿನ ಮೇಲಿನ ಬೂದು ಚುಕ್ಕಿಗಳನ್ನು (ರಂಧ್ರದೊಳಗಿನ ಜಿಡ್ಡು) ಸುಮ್ನೆ ಹಿಂಡಬೇಡಿ, ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ.