ಒಂದೇ ಸೆಲೆಗೆ ಹತ್ತು ಬೋರ್‌ವೆಲ್ ಬೇಡ

ಪ್ರಶ್ನೆ: ಹತ್ತು ಕುಟುಂಬಗಳು ಸೇರಿ ಹಳ್ಳಿಯಲ್ಲಿ ಜಮೀನು ಕೊಂಡು ಮನೆ ಕಟ್ಟಿಕೊಂಡಿದ್ದೇವೆ. ಎಲ್ಲರಿಗೂ ಒಂದೇ ಬಾವಿ. ಬೇಸಿಗೆ ಬಂದರೆ ಜಗಳ. ಮನೆಗೊಂದು ಬೋರ್‌ವೆಲ್ ಹಾಕಿಸಿದರೆ ಸರಿಹೋಗುತ್ತದಾ?

ಇಲ್ಲ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಓದಿದಾಗಲೆಲ್ಲ ಬೇಸರವಾಗುತ್ತದೆ. ಬೇಲಿ ಇರುವುದು ನೆಲದ ಮೇಲೆ. ಕೆಳಗಿನ ನೀರಿಗೆ ಬೇಲಿ ಎಲ್ಲಿದೆ? ಅಕ್ಕಪಕ್ಕದಲ್ಲೇ ಹತ್ತು ಕಡೆ ಕೊರೆದರೆ ಒಂದೇ ಸೆಲೆಯನ್ನು ಹತ್ತು ಪಂಪು ಎಳೆಯುತ್ತವೆ. ಮೊದಲು ಬತ್ತುವುದು ನಿಮ್ಮ ಬಾವಿ. ನಾನು ಜಾಸ್ತಿ ಹೆದರುತ್ತೇನೆ ಅಂತ ಕೆಲವರು ಹೇಳುತ್ತಾರೆ. ಹೌದು, ಹೆದರುತ್ತೇನೆ. ಖಾಲಿಯಾದ ಸೆಲೆ ತುಂಬಲು ವರ್ಷಗಟ್ಟಲೆ ಬೇಕು.

ಮೊದಲು ಅಳೆಯಿರಿ. ವಾರಕ್ಕೊಮ್ಮೆ, ಪಂಪು ಹಾಕುವ ಮುಂಚೆ, ಹಗ್ಗಕ್ಕೆ ಭಾರ ಕಟ್ಟಿ ಬಾವಿಗೆ ಬಿಟ್ಟು ನೀರು ಎಷ್ಟು ಕೆಳಗಿದೆ ಎಂದು ಬರೆದಿಡಿ. ಪ್ರತಿ ಮನೆಯ ಪೈಪಿಗೂ ಮೀಟರ್ ಹಾಕಿ. ಇವೆರಡೂ ಇಲ್ಲದೆ ನಡೆಸುವ ಸಭೆಯಲ್ಲಿ ಬರೀ ಅನುಮಾನವೇ ಮಾತಾಡುತ್ತದೆ. ಆಮೇಲೆ ಬಾವಿಯಲ್ಲೊಂದು ಗುರುತು ಮಾಡಿ. ನೀರು ಅದಕ್ಕಿಂತ ಕೆಳಗಿಳಿದರೆ ಎಲ್ಲರೂ ತೋಟಕ್ಕೆ ಬಿಡುವುದನ್ನು ನಿಲ್ಲಿಸಬೇಕು. ಕುಡಿಯುವ ನೀರನ್ನು ಮಾತ್ರ ಯಾರಿಗೂ ತಪ್ಪಿಸಬಾರದು. ಇದನ್ನೆಲ್ಲ ಮಳೆಗಾಲದಲ್ಲೇ ಬರೆದುಕೊಳ್ಳಿ. ಬಾಯಾರಿದಾಗ ನಿಯಮ ಮಾಡಲು ಆಗುವುದಿಲ್ಲ.

ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯವರು 1517ರಲ್ಲೇ ಒಂದು ನಿಯಮ ಬರೆದುಕೊಂಡಿದ್ದರು: ಚಳಿಗಾಲದಲ್ಲಿ ಎಷ್ಟು ಹಸುಗಳಿಗೆ ಮೇವು ಹಾಕಬಲ್ಲೆಯೋ ಅಷ್ಟನ್ನೇ ಊರಿನ ಹುಲ್ಲುಗಾವಲಿಗೆ ಬಿಡು. ಎಲಿನೋರ್ ಆಸ್ಟ್ರಂ ಇಂಥ ಊರುಗಳ ಬಗ್ಗೆಯೇ ಅಧ್ಯಯನ ಮಾಡಿದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಬಳಸುವವರೇ ನಿಯಮ ಮಾಡಿ, ತಾವೇ ಕಾವಲಿದ್ದು, ಮೊದಲ ತಪ್ಪಿಗೆ ಸಣ್ಣ ದಂಡ ಹಾಕುವ ಕಡೆ ವ್ಯವಸ್ಥೆ ಬಾಳಿಕೆ ಬರುತ್ತದೆ ಎಂದು ಅವರು ಕಂಡುಕೊಂಡರು. ನೀವು ಮಾಡುವುದು ತದ್ವಿರುದ್ಧ. ವರ್ಷವಿಡೀ ಸುಮ್ನಿದ್ದು, ಒಂದು ದಿನ ನಲ್ಲಿಯನ್ನೇ ಕತ್ತರಿಸುತ್ತೀರಿ.

ಇನ್ನು ಮಳೆ. ಒಂದು ಎಕರೆ ಮೇಲೆ 10 ಮಿಲಿಮೀಟರ್ ಬಿದ್ದರೆ ಸುಮಾರು 40,000 ಲೀಟರ್. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಮಣ್ಣಿಗೆ ಒಣ ಎಲೆ ಹೊದಿಸಿ. ನೀರು ಓಡಬಾರದು, ಇಂಗಬೇಕು.

ಪ್ರಶ್ನೆ: ಕವಲು ಕಡ್ಡಿ ಹಿಡಿದು ನೀರು ತೋರಿಸುವವರನ್ನು ಕರೆಸೋಣವೇ?

ಬೇಡ. ಕಡ್ಡಿಗೆ ನೀರು ಗೊತ್ತಾಗುವುದಿಲ್ಲ. ಭೂವಿಜ್ಞಾನಿಯನ್ನು ಕರೆಸಿ.

ಪ್ರಶ್ನೆ: ಗೊಬ್ಬರದ ಗುಂಡಿ ನಾರುತ್ತಿದೆ. ಒಬ್ಬರು ಜೀವಾಣು ಪುಡಿ ಮಾರುತ್ತಿದ್ದಾರೆ, ಹಾಕೋಣವೇ?

ಆ ದುಡ್ಡು ಉಳಿಸಿ. ಹಸಿ ಕಸ ಜಾಸ್ತಿಯಾಗಿದೆ, ಅಷ್ಟೇ. ಒಣ ಎಲೆ ಸೇರಿಸಿ, ಮಗುಚಿ ಹಾಕಿ.

ಪ್ರಶ್ನೆ: ಒಂದು ಕುಟುಂಬ ಪಾಲು ಮಾರಿ ಹೋಗುತ್ತದಂತೆ. ಬೆಲೆ ಕಟ್ಟುವವರು ಯಾರು?

ಇದನ್ನು ಜಮೀನು ಕೊಳ್ಳುವ ಮೊದಲೇ ಬರೆದಿಡಬೇಕಿತ್ತು ಅಲ್ವಾ? ಈ ವಾರವೇ ಎಲ್ಲರೂ ಒಟ್ಟಿಗೆ ಒಬ್ಬ ವಕೀಲರ ಹತ್ತಿರ ಹೋಗಿ.