ನಿನ್ನ ಚಿಕ್ಕಮ್ಮನ ದೀಕ್ಷಾಸ್ನಾನದ ಬರಹ ಯಾಕೆ ವಾಪಸ್ ಬಂತು

ವಂದನೆಗಳು ತಮ್ಮಾ. ಸಿಂಧನೂರಿನಿಂದ ನೀನು ಕಳಿಸಿದ ಬರಹ ಪೂರ್ತಿ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡ, ಮತ್ತೆ ಬರಿ.

ಮೊದಲ ಆರು ಪುಟ ಬರೀ ಪ್ರಸಂಗ, ಅಂದರೆ ಉಪದೇಶ. ಮೊದಲು ನೀರು, ಅಂದರೆ ಕ್ರೈಸ್ತರಾಗುವವರು ತಗೊಳ್ಳುವ ದೀಕ್ಷಾಸ್ನಾನ, ಆಮೇಲೆ ಪವಿತ್ರಾತ್ಮ, ಅದಕ್ಕೆ ಗುರುತು ಅನ್ಯಭಾಷೆ (ಆತ್ಮದ ಪ್ರೇರಣೆಯಿಂದ ಕಲಿಯದ ಭಾಷೆಯಲ್ಲಿ ಮಾತಾಡುವುದು), ಆದಿ ಸಭೆಯಲ್ಲಿ, ಅಂದರೆ ಮೊದಲ ಕ್ರೈಸ್ತರಲ್ಲಿ, ಎಲ್ಲರಿಗೂ ಹೀಗೇ ಆಯಿತು ಅಂತ ಬರೆದಿದ್ದೀಯ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕವನ್ನು ಇನ್ನೊಮ್ಮೆ ತೆಗೆದು ನೋಡು. ಸಮಾರ್ಯದಲ್ಲಿ ಫಿಲಿಪ್ಪ ದೀಕ್ಷಾಸ್ನಾನ ಕೊಟ್ಟಿದ್ದ, ಆದರೂ ಯೇಸುವಿನ ಶಿಷ್ಯರಾದ ಪೇತ್ರ ಮತ್ತು ಯೋಹಾನ ಬಂದು ಕೈಯಿಡುವವರೆಗೆ ಆತ್ಮ ಬಂದಿರಲಿಲ್ಲ. ಇದೇನೋ ನಿನ್ನ ಕ್ರಮಕ್ಕೆ ಹೊಂದುತ್ತದೆ. ಆದರೆ 10ನೇ ಅಧ್ಯಾಯದಲ್ಲಿ, ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಯಲ್ಲಿ, ಪೇತ್ರನ ಮಾತು ಮುಗಿಯುವ ಮೊದಲೇ ಆತ್ಮ ಇಳಿದುಬಂತು, ಅನ್ಯಭಾಷೆಯೂ ಬಂತು, ನೀರು ಆಮೇಲೆ. ಎಫೆಸದಲ್ಲಿ ಸುಮಾರು 12 ಮಂದಿಗೆ ಸ್ನಾನಿಕ ಯೋಹಾನ (ಇವನು ಬೇರೆ ಯೋಹಾನ) ಕೊಡುತ್ತಿದ್ದ ಸ್ನಾನ ಒಂದೇ ಗೊತ್ತಿತ್ತು, ಪವಿತ್ರಾತ್ಮದ ಸುದ್ದಿಯನ್ನೇ ಕೇಳಿರಲಿಲ್ಲ. ಅವರು ಯೇಸುವಿನ ಹೆಸರಿನಲ್ಲಿ ಮತ್ತೆ ದೀಕ್ಷಾಸ್ನಾನ ತಗೊಂಡರು. ಇನ್ನು ಐಥಿಯೋಪ್ಯದ ಕಂಚುಕಿ (ರಾಣಿಯ ಆಸ್ಥಾನದ ಅಧಿಕಾರಿ) ನೀರಿನಿಂದ ಎದ್ದು ಸಂತೋಷವಾಗಿ ತನ್ನ ದಾರಿ ಹಿಡಿದ. ಅಲ್ಲಿ ಅನ್ಯಭಾಷೆಯ ಮಾತೇ ಇಲ್ಲ ಅಲ್ವಾ?

ಅನ್ಯಭಾಷೆಯೇ ಮೊದಲ ಗುರುತು ಅನ್ನುವ ಬೋಧನೆ ಗಟ್ಟಿಯಾದದ್ದು 1901ರಲ್ಲಿ, ಅಮೆರಿಕದ ಟೊಪೀಕಾದಲ್ಲಿ ಚಾರ್ಲ್ಸ್ ಪಾರ್ಹಮ್ ನಡೆಸುತ್ತಿದ್ದ ಬೈಬಲ್ ಶಾಲೆಯಲ್ಲಿ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಸ್ಟ್ರೀಟ್‌ನಲ್ಲಿ ನಡೆದ ಪ್ರಾರ್ಥನಾ ಕೂಟಗಳಿಂದ ಅದು ಲೋಕಕ್ಕೆಲ್ಲ ಹರಡಿತು. ಆದರೆ 1905ರಲ್ಲೇ ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಮಿಷನ್‌ನಲ್ಲಿ ಉಜ್ಜೀವನ, ಅಂದರೆ ಭಕ್ತಿಯ ಹೊಸ ಅಲೆ, ಶುರುವಾಗಿತ್ತು. ಆ ಮಿಷನ್ ನಡೆಸಿದ ಪಂಡಿತಾ ರಮಾಬಾಯಿ ನಮ್ಮ ಕನ್ನಡ ನಾಡಿನಲ್ಲೇ ಹುಟ್ಟಿದವರು. ಅನ್ಯಭಾಷೆಯನ್ನು ಅವರು ತಳ್ಳಿಹಾಕಲಿಲ್ಲ, ಎಲ್ಲರಿಗೂ ಬರಲೇಬೇಕು ಅಂತಲೂ ಹಟ ಹಿಡಿಯಲಿಲ್ಲ. ನಿನ್ನ ಬರಹದಲ್ಲಿ ಅವರ ಹೆಸರೇ ಇಲ್ಲ.

ಏಳನೇ ಪುಟದಲ್ಲಿ ಚಿಕ್ಕಮ್ಮ ಬಂದ ಮೇಲೆ ನಾನು ಓದುವುದನ್ನು ನಿಲ್ಲಿಸಲಿಲ್ಲ. ಬೇಸಿಗೆ, ತುಂಗಭದ್ರಾ ಕಾಲುವೆಗೆ ನೀರು ಬಿಟ್ಟಿಲ್ಲ, ಸಭೆಯ ಹಿಂದಿನ ಸಿಮೆಂಟ್ ತೊಟ್ಟಿಗೆ ಟ್ಯಾಂಕರ್ ನೀರು ತುಂಬಿಸಿದ್ದಾರೆ. ಚಿಕ್ಕಮ್ಮ ಸೀರೆ ನೆರಿಗೆ ಒತ್ತಿ ಹಿಡಿದು ಇಳಿಯುತ್ತಾರೆ. ಮುಳುಗಿ ಎದ್ದ ಕೂಡಲೇ ಇಬ್ಬರು ಹೆಂಗಸರು ದುಪ್ಪಟಿ ಹಿಡಿದು ಮರೆ ಮಾಡುತ್ತಾರೆ. ಇಷ್ಟು ಚೆನ್ನಾಗಿ ನೋಡಿರುವ ನೀನು, ಹರಿಯುವ ನೀರಲ್ಲದ ಸ್ನಾನ ನಡೆಯುತ್ತದಾ ಅಂತ ಅವರಿಗಿದ್ದ ಅಳುಕನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ಆದಿ ಕ್ರೈಸ್ತರಿಗೂ ಇದೇ ಪ್ರಶ್ನೆ ಬಂದಿತ್ತು. ದಿದಾಖೆ ಎಂಬ ಹಳೆಯ ಗ್ರಂಥ ಹರಿಯುವ ನೀರು ಬೇಕು ಅನ್ನುತ್ತದೆ, ಅದಿಲ್ಲದಿದ್ದರೆ ಬೇರೆ ನೀರು, ಅದೂ ಇಲ್ಲದಿದ್ದರೆ ತಲೆ ಮೇಲೆ ಮೂರು ಸಲ ಸುರಿದರೆ ಸಾಕು ಅನ್ನುತ್ತದೆ. ಪ್ರಸಂಗ ತೆಗೆದು ಇದನ್ನು ಇಲ್ಲಿ ಸೇರಿಸು.

ಆಮೇಲೆ ಆತ್ಮಕ್ಕಾಗಿ ಆ ಕಾಯುವಿಕೆ. ರಾತ್ರಿ ಪ್ರಾರ್ಥನೆಯಲ್ಲಿ ಸುತ್ತಲಿನವರೆಲ್ಲ ಅನ್ಯಭಾಷೆಯಲ್ಲಿ ಮಾತಾಡುವಾಗ ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸುಮ್ನೆ ಕೂತಿರುತ್ತಾರೆ, ನಿನಗೆ ಯಾಕೆ ಬಂದಿಲ್ಲ ಅಂತ ಯಾರೂ ಕೇಳದಿರಲಿ ಅಂತ. ಅದನ್ನು ಓದಿ ನನಗೆ ತುಂಬಾ ಸಂಕಟವಾಯಿತು. ಆದರೆ ಕೊನೆಯ ಎರಡು ಸಾಲಿನಲ್ಲಿ ಅವರಿಗೂ ಇದ್ದಕ್ಕಿದ್ದಂತೆ ಅಭಿಷೇಕ ಆಗಿಬಿಡುತ್ತದೆ, ಅಂದರೆ ಆತ್ಮ ಬಂದುಬಿಡುತ್ತದೆ. ಯಾವತ್ತು, ಪಕ್ಕದಲ್ಲಿ ಯಾರಿದ್ದರು, ಮನೆಗೆ ಬಂದು ಏನು ಹೇಳಿದರು, ಒಂದೂ ಇಲ್ಲ. ನಿನ್ನ ಕ್ರಮ ಪೂರ್ತಿಯಾಗಲಿ ಅಂತ ಸೇರಿಸಿದ ಹಾಗಿದೆ. ಆಗಿದ್ದರೆ ಬಿಡಿಸಿ ಬರಿ. ಆಗಿಲ್ಲದಿದ್ದರೆ ಆಗಿಲ್ಲ ಅಂತಲೇ ಬರಿ, ಅದರಿಂದ ಅವರ ನಂಬಿಕೆ ಕಡಿಮೆ ಅಂತ ಯಾರೂ ಅನ್ನಬಾರದು.

ಪಾಸ್ಟರ್ ಹೆಸರು, ಸಭೆಯ ಹೆಸರು ತೆಗೆ. ಹೊಸದಾಗಿ ಬರೆದದ್ದನ್ನು ಮೊದಲು ಚಿಕ್ಕಮ್ಮನಿಗೆ ಓದಿ ಹೇಳು. ಅವರು ಒಪ್ಪಿದರೆ ನನಗೆ ಕಳಿಸು.