ಎಚ್‌ಐವಿ ಇದ್ದೂ ವರ್ಷಗಟ್ಟಲೆ ಆರೋಗ್ಯವಾಗಿರುವುದು ಹೇಗೆ? ವೈದ್ಯರು ‘ಹಂತ’ವನ್ನು ಹೇಗೆ ನಿರ್ಧರಿಸುತ್ತಾರೆ?

ವೈರಸ್ ಸುಮ್ಮನಿರುವುದಿಲ್ಲ, ದೇಹ ನಷ್ಟವನ್ನು ತುಂಬಿಕೊಳ್ಳುತ್ತಿರುತ್ತದೆ, ಅಷ್ಟೇ. ಎಚ್‌ಐವಿ ರೋಗನಿರೋಧಕ ಪಡೆಯ ಸಿಡಿ4 ಎಂಬ ಬಿಳಿ ರಕ್ತಕಣಗಳೊಳಗೆ ಸೇರಿ, ಅಲ್ಲಿಯೇ ಮರಿಮಾಡಿ, ಆ ಕಣಗಳನ್ನು ನಾಶಮಾಡುತ್ತದೆ. ದೇಹ ಹೊಸ ಕಣಗಳನ್ನು ಉತ್ಪಾದಿಸುತ್ತಲೇ ಇರುತ್ತದೆ, ಆದರೆ ಖರ್ಚು ಆದಾಯವನ್ನು ನಿಧಾನವಾಗಿ ಮೀರುತ್ತದೆ. ಔಷಧವಿಲ್ಲದಿದ್ದರೆ ಬಹಳಷ್ಟು ಜನರಲ್ಲಿ ರೋಗನಿರೋಧಕ ಶಕ್ತಿ ಹೀಗೆ ಕುಸಿಯಲು ಎಂಟು–ಹತ್ತು ವರ್ಷ ಹಿಡಿಯುತ್ತದೆ. ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ ಬರಬಹುದು. ಫ್ಲೂ ಎಂದುಕೊಂಡು ಹೆಚ್ಚಿನವರು ಮರೆತುಬಿಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ ರೋಗಲಕ್ಷಣಗಳ ಆಧಾರದ ಮೇಲೆ ನಾಲ್ಕು ಹಂತ ಗುರುತಿಸಿದೆ. ಮೊದಲನೆಯದರಲ್ಲಿ ಲಕ್ಷಣಗಳೇ ಇಲ್ಲ, ಹೆಚ್ಚೆಂದರೆ ಊದಿದ ದುಗ್ಧಗ್ರಂಥಿಗಳು. ಎರಡನೆಯದರಲ್ಲಿ ಸರ್ಪಸುತ್ತು, ಬಾಯಿಯ ಮೂಲೆಯಲ್ಲಿ ಬಿರುಕು, ಶೇ. 10ಕ್ಕಿಂತ ಕಡಿಮೆ ತೂಕನಷ್ಟ. ನಷ್ಟ ಅದನ್ನು ಮೀರಿದರೆ, ತಿಂಗಳಿಗೂ ಹೆಚ್ಚು ಕಾಲ ಜ್ವರವೋ ಭೇದಿಯೋ ಉಳಿದರೆ, ಅಥವಾ ಶ್ವಾಸಕೋಶದ ಕ್ಷಯ ಬಂದರೆ ಮೂರನೆಯದು. ನಾಲ್ಕನೆಯದೇ ಏಡ್ಸ್: ಆರೋಗ್ಯವಂತರನ್ನು ಅಪರೂಪಕ್ಕೆ ಕಾಡುವ ಶಿಲೀಂಧ್ರದ ಮಿದುಳುಪೊರೆ ಉರಿಯೂತ, ನ್ಯುಮೊಸಿಸ್ಟಿಸ್ ನ್ಯುಮೋನಿಯಾದಂತಹ (ಇದೂ ಶಿಲೀಂಧ್ರದಿಂದಲೇ ಬರುವ ಶ್ವಾಸಕೋಶದ ಸೋಂಕು) ಕಾಯಿಲೆಗಳ ಕಾಲ.

ಲಕ್ಷಣ ನೋಡಿದರಷ್ಟೇ ಸಾಲದು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಿಡಿ4 ಕಣಗಳು 200ಕ್ಕಿಂತ ಕೆಳಗಿಳಿದಿದ್ದರೆ, ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿರುವವರಿಗೂ ಅಪಾಯ ಹತ್ತಿರದಲ್ಲೇ ಇದೆ. ಹಾಗೆಂದು ಚಿಕಿತ್ಸೆಗೆ ಹಂತ ಏರುವುದನ್ನು ಕಾಯಬೇಕಿಲ್ಲ: ಭಾರತದಲ್ಲಿ 2017ರಿಂದ, ಸೋಂಕು ದೃಢಪಟ್ಟ ಎಲ್ಲರಿಗೂ ಸಿಡಿ4 ಎಷ್ಟೇ ಇರಲಿ ಸರ್ಕಾರಿ ಎಆರ್‌ಟಿ (ಎಚ್‌ಐವಿ ನಿಗ್ರಹಿಸುವ ಔಷಧಗಳ ಚಿಕಿತ್ಸೆ) ಕೇಂದ್ರಗಳಲ್ಲಿ ಔಷಧ ಉಚಿತ.